ಪಾಠದ ಕೊಠಡಿಯಿಂದ ಸಂಪುಟದವರೆಗೆ: ಪ್ರಾಧ್ಯಾಪಕರು ಸರ್ಕಾರದೊಳಗೆ ಹೋಗಿ ಏನು ಮಾಡಬಲ್ಲರು?

ನಾಗರಭಾವಿ ಓದುಗ

ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು ಸರ್ಕಾರದ ಉನ್ನತ ಹುದ್ದೆಗೆ ಏರಿದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡೇ ಮಾತು ಕೇಳಿಬರುತ್ತವೆ. ‘ಓದಿದವರು ಬಂದರು, ಇನ್ನು ಎಲ್ಲ ಸರಿಹೋಗುತ್ತದೆ’ ಎನ್ನುವುದು ಒಂದು; ‘ಮೇಷ್ಟ್ರಿಗೆ ರಾಜಕಾರಣ ಏನು ಗೊತ್ತು’ ಎನ್ನುವುದು ಇನ್ನೊಂದು. ಎರಡೂ ಸೋಮಾರಿ ಮಾತುಗಳೆಂದು ನನ್ನ ಅನಿಸಿಕೆ. ಯಾರು ಯಾವ ದಾರಿಯಲ್ಲಿ ಹೋದರು, ನಡುವೆ ಎಷ್ಟು ವರ್ಷ ಎಲ್ಲಿ ಕುಳಿತಿದ್ದರು ಎಂದು ಕೇಳಿಕೊಂಡರೆ ವಿಷಯ ಹೆಚ್ಚು ಸ್ಪಷ್ಟವಾಗುತ್ತದೆ.

ಮೊದಲು ಮನಮೋಹನ್ ಸಿಂಗ್ ಅವರನ್ನೇ ತೆಗೆದುಕೊಳ್ಳೋಣ. 2024ರ ಡಿಸೆಂಬರ್ 26ರಂದು ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಹೆಚ್ಚಿನವು ‘ಪ್ರಾಧ್ಯಾಪಕರೊಬ್ಬರು ಒಂದು ದಿನ ಹಣಕಾಸು ಸಚಿವರಾದರು’ ಎಂಬ ಧಾಟಿಯಲ್ಲಿದ್ದವು. ಅದು ಪೂರ್ತಿ ನಿಜವಲ್ಲ. 1957ರಲ್ಲಿ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕರಾದ ಅವರು, 1962ರಲ್ಲಿ ಆಕ್ಸ್‌ಫರ್ಡಿನಿಂದ ಡಿ.ಫಿಲ್. ಪಡೆದು, ಕೆಲವು ವರ್ಷ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ವಿಭಾಗದಲ್ಲಿ ದುಡಿದು, 1969ರಿಂದ 1971ರವರೆಗೆ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಪ್ರಾಧ್ಯಾಪಕರಾಗಿದ್ದರು. 1971ರಲ್ಲಿ ವಿದೇಶ ವ್ಯಾಪಾರ ಸಚಿವಾಲಯದ ಆರ್ಥಿಕ ಸಲಹೆಗಾರರಾದರು. ಮುಂದೆ 1972ರಲ್ಲಿ ಮುಖ್ಯ ಆರ್ಥಿಕ ಸಲಹೆಗಾರ, 1976ರಲ್ಲಿ ಆರ್ಥಿಕ ವ್ಯವಹಾರಗಳ ಕಾರ್ಯದರ್ಶಿ, 1982ರಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್, 1985ರಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷ, ಆಮೇಲೆ ಅಭಿವೃದ್ಧಿಶೀಲ ದೇಶಗಳ ‘ದಕ್ಷಿಣ ಆಯೋಗ’ದ ಪ್ರಧಾನ ಕಾರ್ಯದರ್ಶಿ. 1991ರ ಜೂನ್ ತಿಂಗಳಲ್ಲಿ ಕರೆ ಬಂದಾಗ ಅವರು ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿದ್ದರು. ಅಂದರೆ ಬೋಧನೆ ಬಿಟ್ಟದ್ದಕ್ಕೂ ಸಚಿವರಾದದ್ದಕ್ಕೂ ನಡುವೆ 20 ವರ್ಷಗಳಿವೆ. ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯ ಮೌಲ್ಯ ಇಳಿಸಿ, ಅದೇ ತಿಂಗಳ 24ರಂದು ಬಜೆಟ್ ಮಂಡಿಸಿದ ಮನುಷ್ಯನಿಗೆ ರಿಸರ್ವ್ ಬ್ಯಾಂಕಿನ ಯಾವ ಕೊಠಡಿಯಲ್ಲಿ ಯಾರನ್ನು ಕೇಳಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

ಇನ್ನೊಬ್ಬರು ನಮ್ಮವರೇ ಆದ ವಿ.ಕೆ.ಆರ್.ವಿ. ರಾವ್. ಮನಮೋಹನ್ ಸಿಂಗ್ ಪಾಠ ಹೇಳಿದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸನ್ನು 1949ರಲ್ಲಿ ಸ್ಥಾಪಿಸಿದವರು ಅವರು. ನಮ್ಮ ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಐಸೆಕ್ ಅನ್ನು 1972ರಲ್ಲಿ ಕಟ್ಟಿದವರೂ ಅವರೇ. ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು, ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನವನ್ನು ಕ್ರಮಬದ್ಧವಾಗಿ ಲೆಕ್ಕಹಾಕಿದ ವಿದ್ವಾಂಸರು. ದೆಹಲಿ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಯೋಜನಾ ಆಯೋಗದ ಸದಸ್ಯರಾಗಿ, 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ನೇರವಾಗಿ ಸಂಪುಟ ಸೇರಿದರು. ದೇಶದ ವರಮಾನದ ಲೆಕ್ಕ ಬಲ್ಲ ಇಂಥವರಿಗೆ ಸಿಕ್ಕಿದ ಖಾತೆ ಸಾರಿಗೆ ಮತ್ತು ನೌಕಾಯಾನ! 1969ರಲ್ಲಿ ಶಿಕ್ಷಣ ಖಾತೆಗೆ ಬಂದರು, 1971ರ ಹೊತ್ತಿಗೆ ಸಚಿವಗಿರಿ ಮುಗಿದಿತ್ತು.

ಇಬ್ಬರಲ್ಲಿ ಯಾರ ಪಾಂಡಿತ್ಯ ದೊಡ್ಡದು ಎಂಬ ಪ್ರಶ್ನೆಯನ್ನು ನಾನು ಎತ್ತುತ್ತಿಲ್ಲ. ಉನ್ನತ ಹುದ್ದೆಯ ಬಾಗಿಲು ತೆರೆಯುವುದು ಪಾಂಡಿತ್ಯದಿಂದ, ಆದರೆ ಒಳಗೆ ಹೋದ ಮೇಲೆ ಏನನ್ನಾದರೂ ಸಾಧಿಸಲು ಬೇಕಾಗುವುದು ನಡುವಿನ ಮೆಟ್ಟಿಲುಗಳಲ್ಲಿ ಕಲಿತ ಕಡತದ ವಿದ್ಯೆ ಎಂಬುದು ನನ್ನ ವಾದ. ಸರ್ಕಾರದ ಕೆಲಸವನ್ನು ಹತ್ತಿರದಿಂದ ಕಂಡವರು ಈ ಗುಂಪಿನಲ್ಲಿದ್ದಾರೆ, ಅವರ ಅಭಿಪ್ರಾಯ ಕೇಳಬೇಕೆಂದಿದೆ.

ಬಸವನಗುಡಿ ವಕೀಲ

ಕಾನೂನಿನ ಬದಿಯಿಂದ ಸ್ವಲ್ಪ ಸೇರಿಸುತ್ತೇನೆ. ಸಂಸತ್ತಿನ ಸದಸ್ಯರಲ್ಲದವರೂ ಸಚಿವರಾಗಬಹುದು, ಆದರೆ ಸಂವಿಧಾನದ 75(5)ನೇ ವಿಧಿಯಂತೆ ಆರು ತಿಂಗಳೊಳಗೆ ಸದಸ್ಯರಾಗಬೇಕು. ರಾಜ್ಯಗಳಲ್ಲಿ ಇದೇ ಅವಕಾಶ 164(4)ರಲ್ಲಿದೆ. ಮನಮೋಹನ್ ಸಿಂಗ್ ಜೂನ್‌ನಲ್ಲಿ ಪ್ರಮಾಣವಚನ ಸ್ವೀಕರಿಸಿ ಅಕ್ಟೋಬರ್‌ನಲ್ಲಿ ಅಸ್ಸಾಂನಿಂದ ರಾಜ್ಯಸಭೆಗೆ ಆಯ್ಕೆಯಾದದ್ದು ಈ ಕಾರಣಕ್ಕೆ. 1999ರಲ್ಲಿ ದಕ್ಷಿಣ ದೆಹಲಿಯಿಂದ ಲೋಕಸಭೆಗೆ ನಿಂತು ಸೋತರು. ಮೇಲ್ಮನೆ ಇಲ್ಲದಿದ್ದರೆ 2004ರ ಪ್ರಧಾನಿ ಪಟ್ಟ ಅವರಿಗೆ ಎಲ್ಲಿಂದ ಬರುತ್ತಿತ್ತು?

ನಮ್ಮ ರಾಜ್ಯದಲ್ಲಿ ಅಧ್ಯಾಪಕರಿಗೆಂದೇ ಒಂದು ದಾರಿ ಇದೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು, 7 ಪದವೀಧರ ಕ್ಷೇತ್ರಗಳು. ಆದರೆ ಅಲ್ಲಿ ಶಿಕ್ಷಕರಾಗಿರಬೇಕಾದವರು ಮತದಾರರು, ಅಭ್ಯರ್ಥಿಯಲ್ಲ. ಪದವೀಧರ ಕ್ಷೇತ್ರದ ಅಭ್ಯರ್ಥಿ ಪದವೀಧರನೇ ಆಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಅಲ್ಲಿಂದ ಗೆದ್ದು ಬರುವವರು ಪಕ್ಷದ ಕಾರ್ಯಕರ್ತರು ಅಥವಾ ಶಿಕ್ಷಣ ಸಂಸ್ಥೆಗಳ ಒಡೆಯರಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ನಿವೃತ್ತ ಶಾಖಾಧಿಕಾರಿ, ವಿಜಯನಗರ

ಓದುಗರ ವಾದವನ್ನು ಅರ್ಧ ಒಪ್ಪುತ್ತೇನೆ. ರಾಜ್ಯ ಸಚಿವಾಲಯದ ಬಹುಮಹಡಿ ಕಟ್ಟಡದಲ್ಲಿ ವೃತ್ತಿಜೀವನದ ಬಹುಪಾಲು ಕಳೆದವನು ನಾನು. ಪ್ರಾಧ್ಯಾಪಕರು ಸಲಹೆಗಾರರಾಗಿ, ಸಮಿತಿಯ ಅಧ್ಯಕ್ಷರಾಗಿ ಬರುವುದನ್ನೂ ಹೋಗುವುದನ್ನೂ ಮೇಜಿನ ಈ ಕಡೆಯಿಂದ ನೋಡಿದ್ದೇನೆ.

ಹೊಸದಾಗಿ ಬಂದ ಪ್ರಾಧ್ಯಾಪಕರ ಟಿಪ್ಪಣಿಯನ್ನು ಒಂದೇ ನೋಟಕ್ಕೆ ಗುರುತಿಸಬಹುದಿತ್ತು. ಎಂಟು ಹಾಳೆ ಇರುತ್ತಿತ್ತು, ವಿಷಯದ ಇತಿಹಾಸ ಇರುತ್ತಿತ್ತು, ಪರ-ವಿರೋಧ ಎರಡೂ ಪ್ರಾಮಾಣಿಕವಾಗಿ ಬರೆದಿರುತ್ತಿತ್ತು. ಕೊನೆಗೆ ‘ಈ ಎಲ್ಲ ಅಂಶಗಳನ್ನು ಪರಿಗಣಿಸಿ ಸೂಕ್ತ ನಿರ್ಧಾರ ಕೈಗೊಳ್ಳಬಹುದು’ ಎಂದು ಮುಗಿದಿರುತ್ತಿತ್ತು. ಅದು ಪ್ರಬಂಧವಾಗುತ್ತದೆ, ಕಡತವಾಗುವುದಿಲ್ಲ. ಮೇಲಿನವರು ಸಹಿ ಹಾಕಬೇಕಾದರೆ ‘ಕಂಡಿಕೆ 14ರಲ್ಲಿನ ಪ್ರಸ್ತಾವನೆಯನ್ನು ಅನುಮೋದಿಸಬಹುದು’ ಎಂದು ಒಂದು ಸಾಲು ಬೇಕು, ಆ ಕಂಡಿಕೆಯಲ್ಲಿ ಎಷ್ಟು ಹಣ, ಯಾವ ಲೆಕ್ಕಶೀರ್ಷಿಕೆ (ಬಜೆಟ್ಟಿನಲ್ಲಿ ಆ ಖರ್ಚಿನ ಬಾಬು), ಯಾವ ಇಲಾಖೆ ಎಂಬುದು ಇರಬೇಕು. ಇದನ್ನು ಬೇಗ ಕಲಿತ ಪ್ರಾಧ್ಯಾಪಕರು ನಮ್ಮನ್ನೇ ಮೀರಿಸುತ್ತಿದ್ದರು. ಕಲಿಯಲೊಲ್ಲದವರನ್ನು ಎಲ್ಲರೂ ಗೌರವದಿಂದ ಮಾತನಾಡಿಸುತ್ತಿದ್ದರು, ಕಾಫಿ ತರಿಸುತ್ತಿದ್ದರು, ಕಡತವನ್ನು ಮಾತ್ರ ಅವರ ಮೇಜಿಗೆ ಕಳುಹಿಸುತ್ತಿರಲಿಲ್ಲ.

ಇನ್ನು ನಾನು ಒಪ್ಪದ ಅರ್ಧ. ಕಡತದ ವಿದ್ಯೆ ಬಂದರಷ್ಟೇ ಸಾಲದು, ಹಣದ ಮೇಲೆ ಕೈ ಇರಬೇಕು. ಸಮಿತಿಯ ವರದಿಯೊಂದು ಸಲ್ಲಿಕೆಯಾದ ಮೇಲೆ ಏನಾಗುತ್ತದೆ ಎಂಬುದನ್ನು ಹೊರಗಿನವರು ಕಂಡಿರುವುದಿಲ್ಲ, ಹಾಗಾಗಿ ಹೇಳುತ್ತೇನೆ. ಮುಖ್ಯಮಂತ್ರಿಗಳ ಕೈಗೆ ವರದಿ ಕೊಡುವ ಛಾಯಾಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆಮೇಲೆ ಅದರ ಶಿಫಾರಸುಗಳನ್ನು ಇಲಾಖಾವಾರು ಬಿಡಿಸಿ, ಪ್ರತಿಯೊಂದು ಇಲಾಖೆಗೂ ‘ಅಭಿಪ್ರಾಯ ತಿಳಿಸಲು ಕೋರಿದೆ’ ಎಂದು ಪತ್ರ ಹೋಗುತ್ತದೆ. ತಿಂಗಳುಗಟ್ಟಲೆ ಜ್ಞಾಪನ ಪತ್ರಗಳು ಹೋಗುತ್ತವೆ. ಉತ್ತರ ಬಂದವುಗಳನ್ನು ಕೂಡಿಸಿ ಆರ್ಥಿಕ ಇಲಾಖೆಯ ಸಹಮತಿಗೆ ಕಳುಹಿಸಿದಾಗ ಅಲ್ಲಿಂದ ‘ತಾತ್ವಿಕವಾಗಿ ಒಪ್ಪಬಹುದು, ಸಂಪನ್ಮೂಲಗಳ ಲಭ್ಯತೆಗೆ ಒಳಪಟ್ಟು’ ಎಂಬ ಷರಾ ಬರುತ್ತದೆ. ಆ ಷರಾ ಬಂದ ಶಿಫಾರಸು ಬದುಕುವುದೂ ಇಲ್ಲ, ಸಾಯುವುದೂ ಇಲ್ಲ. ವರದಿ ಬರೆದ ಪ್ರಾಧ್ಯಾಪಕರ ಸಮಿತಿ ಆ ಹೊತ್ತಿಗೆ ವಿಸರ್ಜನೆಯಾಗಿರುತ್ತದೆ. ಬೆನ್ನುಹತ್ತಿ ಕೇಳಲು ಅವರಿಗೆ ಕೊಠಡಿಯೂ ಇಲ್ಲ, ಟೆಲಿಫೋನೂ ಇಲ್ಲ.

ಮನಮೋಹನ್ ಸಿಂಗ್ ಅವರ ಯಶಸ್ಸಿನ ದೊಡ್ಡ ಪಾಲು ಅವರು ಹಣಕಾಸು ಖಾತೆಯಲ್ಲೇ ಕುಳಿತಿದ್ದರು ಎಂಬುದರಲ್ಲಿದೆ. ಬೇರೆಯವರು ಅನುಮತಿ ಕೇಳಲು ಬರುತ್ತಿದ್ದ ಮೇಜು ಅದು. ಅದೇ ಮನುಷ್ಯನಿಗೆ ಸಾರಿಗೆ ಖಾತೆ ಕೊಟ್ಟಿದ್ದರೆ? ಅವರ ಹಿಂದೆ ಪ್ರಧಾನಿ ನರಸಿಂಹ ರಾವ್ ಅವರ ಬಲವಿತ್ತು ಎಂಬುದನ್ನೂ ಮರೆಯಬಾರದು.

ಮಲ್ಲೇಶ್ವರದ ಅಧ್ಯಾಪಕಿ

ಶಾಖಾಧಿಕಾರಿಗಳು ಹೇಳಿದ ಮಾತಿಗೆ ಶಿಕ್ಷಣ ಖಾತೆಯ ಚರಿತ್ರೆಯೇ ಸಾಕ್ಷಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು, ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಪ್ರಸ್ತಾಪಿಸುತ್ತೇನೆ.

1967ರಿಂದ 1977ರವರೆಗಿನ ಹತ್ತು ವರ್ಷಗಳಲ್ಲಿ, ನಡುವೆ ಸಿದ್ಧಾರ್ಥ ಶಂಕರ ರೇ ಅವರ ಒಂದು ವರ್ಷವನ್ನು ಬಿಟ್ಟರೆ, ಕೇಂದ್ರದ ಶಿಕ್ಷಣ ಖಾತೆ ವಿಶ್ವವಿದ್ಯಾಲಯದಿಂದ ಬಂದವರ ಕೈಯಲ್ಲೇ ಇತ್ತು. ಜಾದವಪುರ ಮತ್ತು ಬನಾರಸ್ ವಿಶ್ವವಿದ್ಯಾಲಯಗಳ ಕುಲಪತಿಗಳಾಗಿದ್ದ ತ್ರಿಗುಣ ಸೇನ್, ಆಮೇಲೆ ನಮ್ಮ ರಾವ್, ಆಮೇಲೆ ಅಲಿಗಢದ ಇತಿಹಾಸ ಪ್ರಾಧ್ಯಾಪಕ ನೂರುಲ್ ಹಸನ್. ಅದಕ್ಕೆ ಸ್ವಲ್ಪ ಮೊದಲು, ದೆಹಲಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಡಿ.ಎಸ್. ಕೊಠಾರಿ ಅವರ ಅಧ್ಯಕ್ಷತೆಯ ಆಯೋಗ 1966ರಲ್ಲಿ ವರದಿ ಕೊಟ್ಟು, ರಾಷ್ಟ್ರೀಯ ವರಮಾನದ ಶೇ 6ರಷ್ಟನ್ನು ಶಿಕ್ಷಣಕ್ಕೆ ಖರ್ಚು ಮಾಡುವ ಮಟ್ಟಕ್ಕೆ ದೇಶ ತಲುಪಬೇಕು ಎಂದಿತ್ತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಆ ಗುರಿಯನ್ನು ಒಪ್ಪಿಕೊಂಡಿತು. ಶಿಫಾರಸು ಮಾಡಿದವರು ಪ್ರಾಧ್ಯಾಪಕರು, ಜಾರಿ ಮಾಡಬೇಕಾದವರೂ ಪ್ರಾಧ್ಯಾಪಕರು. ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಆದರೂ ಆ ಶೇ 6 ಬರಲಿಲ್ಲ. 2020ರ ನೀತಿಯಲ್ಲೂ ಅದೇ ಅಂಕಿಯನ್ನು ಗುರಿಯಾಗಿ ಮತ್ತೆ ಬರೆಯಲಾಗಿದೆ. ರಾಷ್ಟ್ರೀಯ ವರಮಾನ ಎಷ್ಟು ಎಂದು ದೇಶಕ್ಕೆ ಲೆಕ್ಕ ಮಾಡಿಕೊಟ್ಟ ರಾವ್ ಅವರಿಗೇ ಅದರ ನೂರರಲ್ಲಿ ಆರು ಪಾಲನ್ನು ತಮ್ಮ ಖಾತೆಯ ಕೆಲಸಕ್ಕೆ ತರಿಸಲಾಗಲಿಲ್ಲ ಎಂಬುದು ನನಗೆ ಯಾವಾಗಲೂ ಖೇದದ ಸಂಗತಿ.

ಹಾಗೆಂದು ಅವರು ಏನೂ ಮಾಡಲಿಲ್ಲ ಎನ್ನಲಾಗದು. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದವರು ಅವರು. ಇಂದಿಗೂ ನಮ್ಮ ಕಾಲೇಜಿನ ಮಕ್ಕಳು ಎನ್.ಎಸ್.ಎಸ್. ಶಿಬಿರವೆಂದು ಹಳ್ಳಿಗೆ ಹೋಗಿ ಚರಂಡಿ ತೋಡುತ್ತಾರೆ, ಗಿಡ ನೆಡುತ್ತಾರೆ. ಆ ಯೋಜನೆ ಉಳಿದದ್ದೇಕೆ ಎಂದು ನೋಡಿ: ಖರ್ಚು ಕಡಿಮೆ, ನಡೆಸುವವರು ವಿಶ್ವವಿದ್ಯಾಲಯದವರೇ. ರಾವ್ ಅವರಿಗೆ ಚೆನ್ನಾಗಿ ಪರಿಚಯವಿದ್ದ ಲೋಕ ಅದು. ನೂರುಲ್ ಹಸನ್ ಅವರ ಕಾಲದಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಹುಟ್ಟಿದ್ದೂ ಹೀಗೆಯೇ. ಪ್ರಾಧ್ಯಾಪಕ ಸಚಿವರು ಸಂಸ್ಥೆಗಳನ್ನು ಚೆನ್ನಾಗಿ ಕಟ್ಟುತ್ತಾರೆ. ಬೊಕ್ಕಸದ ಪಾಲು ಕೇಳುವಲ್ಲಿ ಸೋಲುತ್ತಾರೆ.

ಕೆಂಗೇರಿಯ ಸಂಶೋಧಕ

ಹಿಮ್ಮುಖ ಪ್ರಯಾಣವೂ ಇತ್ತು, ಮೇಡಂ. ಕೇಂದ್ರದಲ್ಲಿ ಶಿಕ್ಷಣ ಸಚಿವರಾಗಿದ್ದ ಕೆ.ಎಲ್. ಶ್ರೀಮಾಲಿಯವರು 1964ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿ ಬಂದರು. ಸಚಿವರಾಗಿದ್ದವರು ಕುಲಪತಿ ಹುದ್ದೆಯನ್ನು ಕೆಳಗಿನದೆಂದು ಭಾವಿಸದ ಕಾಲ ಅದು. ಈಗ ಹಾಗೆ ಬರುವವರನ್ನು ಕಾಣೆ.

ರಾಯಚೂರಿನವ, ಈಗ ಯಲಹಂಕ

ನೀವೆಲ್ಲ ದೆಹಲಿಯ ಮಾತೇ ಆಡುತ್ತಿದ್ದೀರಿ. ನಮ್ಮ ಕಡೆಯವರಿಗೆ ‘ಪ್ರಾಧ್ಯಾಪಕ’ ಎಂದರೆ ಮೊದಲು ನೆನಪಾಗುವ ಹೆಸರು ಡಿ.ಎಂ. ನಂಜುಂಡಪ್ಪ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರಾದರು, ಯೋಜನಾ ಇಲಾಖೆಯ ಕಾರ್ಯದರ್ಶಿಯಾದರು, ಕರ್ನಾಟಕ ಮತ್ತು ಬೆಂಗಳೂರು ಎರಡೂ ವಿಶ್ವವಿದ್ಯಾಲಯಗಳ ಕುಲಪತಿಗಳಾದರು, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾದರು. ಓದುಗರು ಹೇಳುವ ಕಡತದ ವಿದ್ಯೆ ಅವರಿಗೆ ಬೇಕಾದಷ್ಟಿತ್ತು. ಹಾಗಿದ್ದೂ ಅವರ ಕೊನೆಯ ದೊಡ್ಡ ಕೆಲಸಕ್ಕೆ ಏನಾಯಿತು ಎಂಬುದನ್ನು ನೋಡಬೇಕು.

ಎಸ್.ಎಂ. ಕೃಷ್ಣ ಅವರ ಸರ್ಕಾರ 2000ದಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಉನ್ನತಾಧಿಕಾರ ಸಮಿತಿಯನ್ನು ಅವರ ಅಧ್ಯಕ್ಷತೆಯಲ್ಲಿ ರಚಿಸಿತು. 2002ರ ಜೂನ್‌ನಲ್ಲಿ ವರದಿ ಬಂತು. ಅದರ ಹೆಗ್ಗಳಿಕೆ ಎಂದರೆ ‘ಉತ್ತರ’, ‘ದಕ್ಷಿಣ’ ಎಂದು ಭಾವನೆಯ ಮೇಲೆ ಬರೆಯದೆ ತಾಲ್ಲೂಕನ್ನು ಘಟಕವಾಗಿ ಹಿಡಿದದ್ದು. ಕೃಷಿ, ಕೈಗಾರಿಕೆ, ರಸ್ತೆ, ಆರೋಗ್ಯ, ಶಿಕ್ಷಣ ಮುಂತಾದ ಕ್ಷೇತ್ರಗಳ 35 ಸೂಚಕಗಳನ್ನು ಕೂಡಿಸಿ ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕ ಕೊಟ್ಟರು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. 114ರ ಲೆಕ್ಕದಲ್ಲಿ ಮಾತ್ರ ಉತ್ತರದವು 59, ದಕ್ಷಿಣದವು 55. ದಕ್ಷಿಣದ ಶಾಸಕರೂ ಈ ವರದಿಯನ್ನು ತಮ್ಮದೆಂದು ಕೇಳುವಂತೆ ಮಾಡಿದ್ದು ಈ ಅಂಕಿ. ಇದು ಪ್ರಾಧ್ಯಾಪಕನ ಬುದ್ಧಿಯೋ ಕಾರ್ಯದರ್ಶಿಯ ಬುದ್ಧಿಯೋ ನನಗೆ ತಿಳಿಯದು. ಬಹುಶಃ ಎರಡೂ ಒಂದೇ ತಲೆಯಲ್ಲಿದ್ದದ್ದರಿಂದ ಸಾಧ್ಯವಾಯಿತು.

ಎಂಟು ವರ್ಷಗಳ ಯೋಜನೆಗೆ ಅವರು ಕೇಳಿದ್ದು 31,000 ಕೋಟಿ ರೂಪಾಯಿ, ಅದರಲ್ಲಿ 16,000 ಕೋಟಿ ಹೆಚ್ಚುವರಿ ಹಣ. ವಿಶೇಷ ಅಭಿವೃದ್ಧಿ ಯೋಜನೆ ಎಂಬ ಹೆಸರಿನಲ್ಲಿ ಜಾರಿ ಆರಂಭವಾದದ್ದು 2007-08ರಲ್ಲಿ. ವರದಿ ಬಂದು ಐದು ವರ್ಷದ ಮೇಲೆ! ಅಷ್ಟರಲ್ಲಿ ನಂಜುಂಡಪ್ಪನವರೇ ತೀರಿಕೊಂಡಿದ್ದರು. ರಾಯಚೂರಿಗೆ ಐಐಟಿ ಬೇಕೆಂದು ವರದಿ ಹೇಳಿತ್ತು. ರಾಜ್ಯಕ್ಕೆ ಐಐಟಿ ಸಿಕ್ಕಿ 2016ರಲ್ಲಿ ತರಗತಿ ಶುರುವಾದದ್ದು ಧಾರವಾಡದಲ್ಲಿ. ನಮಗೆ 2019ರಲ್ಲಿ ಬಂದದ್ದು ಐಐಐಟಿ, ಅಂದರೆ ಮಾಹಿತಿ ತಂತ್ರಜ್ಞಾನ ಸಂಸ್ಥೆ. ಊರಿನಲ್ಲಿ ಇಂದಿಗೂ ಹೋರಾಟದ ಕರಪತ್ರಗಳಲ್ಲಿ ನಂಜುಂಡಪ್ಪ ವರದಿಯ ಉಲ್ಲೇಖವಿರುತ್ತದೆ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಬಂದದ್ದು 98ನೇ ತಿದ್ದುಪಡಿಯಿಂದ. ಅದಕ್ಕೆ ಬೀದಿಯ ಹೋರಾಟ ಮತ್ತು ರಾಜಕಾರಣಿಗಳ ಹಟ ಬೇಕಾಯಿತು, ವರದಿಯೊಂದೇ ಸಾಲಲಿಲ್ಲ.

ಆದ್ದರಿಂದ ಪ್ರಾಧ್ಯಾಪಕರು ಎಷ್ಟು ಎತ್ತರಕ್ಕೆ ಏರಿದರು ಎಂಬ ಲೆಕ್ಕದಲ್ಲಿ ನನಗೆ ಆಸಕ್ತಿ ಇಲ್ಲ. ಅವರು ಬರೆದದ್ದನ್ನು ಹಿಡಿದುಕೊಂಡು ಕೇಳುವ ಜನ ಹೊರಗಿದ್ದಾರೆಯೇ ಎಂಬುದನ್ನು ನಾನು ನೋಡುತ್ತೇನೆ.

ನಿವೃತ್ತ ಶಾಖಾಧಿಕಾರಿ, ವಿಜಯನಗರ

ರಾಯಚೂರಿನವರು ಹೇಳಿದ್ದು ಸರಿಯಾಗಿದೆ. ಒಂದನ್ನು ಸೇರಿಸುತ್ತೇನೆ. ನಂಜುಂಡಪ್ಪ ವರದಿಯ ಬಹಳಷ್ಟು ಶಿಫಾರಸುಗಳು ತಡವಾದರೂ, ಆ ತಾಲ್ಲೂಕು ಪಟ್ಟಿ ಮಾತ್ರ ಕಚೇರಿಗಳಲ್ಲಿ ಬೇರೂರಿತು. ಅನುದಾನ ಹಂಚುವಾಗ, ಹಾಸ್ಟೆಲ್ ಮಂಜೂರು ಮಾಡುವಾಗ ‘ನಂಜುಂಡಪ್ಪ ವರದಿಯಂತೆ ಅತ್ಯಂತ ಹಿಂದುಳಿದ ತಾಲ್ಲೂಕು’ ಎಂಬ ಸಾಲು ಟಿಪ್ಪಣಿಯಲ್ಲಿ ತಾನಾಗಿಯೇ ಬರುತ್ತಿತ್ತು. ಗುಮಾಸ್ತನಿಗೆ ಉಪಯೋಗಕ್ಕೆ ಬರುವಂಥ ಪಟ್ಟಿಯನ್ನು ಮಾಡಿಕೊಟ್ಟರೆ ಅದು ಮಂತ್ರಿಗಳು ಬದಲಾದರೂ ಉಳಿಯುತ್ತದೆ. ಇಲಾಖೆಯ ಒಳಗೆ ಕೆಲಸ ಮಾಡಿದವರಿಗೆ ಮಾತ್ರ ಈ ಗುಟ್ಟು ಗೊತ್ತಿರುತ್ತದೆ. ಇಷ್ಟರಮಟ್ಟಿಗೆ ಓದುಗರ ವಾದಕ್ಕೂ ಇದು ಪುಷ್ಟಿಯೇ.

ನಾಗರಭಾವಿ ಓದುಗ

ಚರ್ಚೆ ನಾನು ಎಣಿಸಿದ್ದಕ್ಕಿಂತ ಮುಂದೆ ಹೋಗಿದೆ. ಶಾಖಾಧಿಕಾರಿಗಳ ‘ಹಣದ ಮೇಲೆ ಕೈ’ ಎಂಬ ಮಾತನ್ನು ನನ್ನ ವಾದಕ್ಕೆ ಜೋಡಿಸಿಕೊಳ್ಳುತ್ತೇನೆ, ಆದರೆ ಅದೊಂದೇ ಮುಖ್ಯ ಎನ್ನಲಾರೆ. 1991ರಲ್ಲಿ ಮೊದಲು ಹಣಕಾಸು ಖಾತೆಗೆ ಕರೆದದ್ದು ಐ.ಜಿ. ಪಟೇಲ್ ಅವರನ್ನು, ಅವರೂ ಪ್ರಾಧ್ಯಾಪಕರಾಗಿದ್ದವರು, ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದವರು. ಅವರು ಒಲ್ಲೆನೆಂದ ಮೇಲೆ ಮನಮೋಹನ್ ಸಿಂಗ್. ಎರಡೂ ಹೆಸರುಗಳು ಒಂದೇ ಬಗೆಯ ದಾರಿಯಲ್ಲಿ ಬಂದವು ಎಂಬುದು ಕಾಕತಾಳೀಯವಲ್ಲ. ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿದ್ದ ಹೊತ್ತಿನಲ್ಲಿ ಪ್ರಧಾನಿಗೆ ಬೇಕಾದದ್ದು ಓದಿನ ಅಧಿಕಾರ ಮತ್ತು ಕಚೇರಿಯ ಪಳಗಿಕೆ ಎರಡೂ ಇರುವವರು. ಇನ್ನೂ ಒಂದು ಸಂಗತಿ: ಭಾರತದ ರಫ್ತು ಹೆಚ್ಚಲಾರದು ಎಂಬ ಅಂದಿನ ನಿರಾಶೆ ನಿರಾಧಾರ ಎಂದು ಮನಮೋಹನ್ ಸಿಂಗ್ ವಾದಿಸಿದ್ದು ಆಕ್ಸ್‌ಫರ್ಡಿನ ಪ್ರಬಂಧದಲ್ಲಿ. ಅದನ್ನು ಜಾರಿಗೆ ತರುವ ಕುರ್ಚಿ ಸಿಗಲು ಸುಮಾರು 30 ವರ್ಷ ಕಾಯಬೇಕಾಯಿತು. ಆ ನಡುವೆ ಅವರು ತಮ್ಮ ಪ್ರಬಂಧಕ್ಕೆ ವಿರುದ್ಧವಾದ ನೀತಿಗಳ ಕಡತಗಳಿಗೂ ಸಹಿ ಹಾಕಿದ್ದಾರೆ. ಅದನ್ನು ತಾಳ್ಮೆ ಎನ್ನಬೇಕೋ ರಾಜಿ ಎನ್ನಬೇಕೋ?

ಬಸವನಗುಡಿ ವಕೀಲ

ರಾಜಿಯೇ. ಅದರಲ್ಲಿ ತಪ್ಪೇನಿದೆ? ರಾಜಿಗೆ ಒಪ್ಪದ ಪ್ರಾಧ್ಯಾಪಕ ವಿಶ್ವವಿದ್ಯಾಲಯದಲ್ಲೇ ಇರಬೇಕು, ಅಲ್ಲಿಂದ ಬರೆಯಬೇಕು, ಟೀಕಿಸಬೇಕು. ಅದೂ ದೇಶಕ್ಕೆ ಬೇಕಾದ ಕೆಲಸವೇ.

ಚುನಾವಣೆಯ ದಾರಿಯ ಬಗ್ಗೆ ಬೆಂಗಳೂರಿನ ಉದಾಹರಣೆಗಳನ್ನೂ ನೋಡಿ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಪ್ರಾಧ್ಯಾಪಕರಾಗಿದ್ದ ಬಿ.ಕೆ. ಚಂದ್ರಶೇಖರ್ ಎಸ್.ಎಂ. ಕೃಷ್ಣ ಸಂಪುಟದಲ್ಲಿ ಸಚಿವರಾದರು, ಮುಂದೆ ವಿಧಾನ ಪರಿಷತ್ತಿನ ಸಭಾಪತಿಯಾದರು. ಅದೇ ಸಂಸ್ಥೆಯ ರಾಜೀವ್ ಗೌಡ 2014ರಿಂದ 2020ರವರೆಗೆ ರಾಜ್ಯಸಭೆಯಲ್ಲಿದ್ದರು; 2024ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ನಿಂತು ಸೋತರು. ಮೇಲ್ಮನೆಗೆ ಕರೆದೊಯ್ಯುವುದು ಪಕ್ಷದ ನಾಯಕರು, ಕೆಳಮನೆಗೆ ಕಳುಹಿಸುವುದು ಮತದಾರರು. ಈ ದೃಷ್ಟಿಯಲ್ಲಿ ಬಳ್ಳಾರಿಯಿಂದ 1967 ಮತ್ತು 1971ರಲ್ಲಿ ಎರಡು ಸಲ ಗೆದ್ದ ವಿ.ಕೆ.ಆರ್.ವಿ. ರಾವ್ ಅವರ ಸಾಧನೆಯನ್ನು ಓದುಗರು ಹಗುರವಾಗಿ ಎಣಿಸಿದರು ಎಂಬುದು ನನ್ನ ಆಕ್ಷೇಪ.

ಮಲ್ಲೇಶ್ವರದ ಅಧ್ಯಾಪಕಿ

ಇಲ್ಲಿಯವರೆಗೆ ಯಾರೂ ಎತ್ತದ ಒಂದು ಪ್ರಶ್ನೆ ಇದೆ: ಬಿಟ್ಟುಹೋದ ತರಗತಿಯ ಗತಿ ಏನು? ಪ್ರಾಧ್ಯಾಪಕರೊಬ್ಬರು ಸರ್ಕಾರಕ್ಕೆ ಹೋದಾಗ ಅವರ ಹುದ್ದೆ ಖಾಲಿ ಎಂದು ಘೋಷಣೆಯಾಗುವುದಿಲ್ಲ, ಏಕೆಂದರೆ ಅವರ ಲೀನ್, ಅಂದರೆ ಹಳೆಯ ಹುದ್ದೆಗೆ ಮರಳುವ ಹಕ್ಕು, ಉಳಿದಿರುತ್ತದೆ. ಹೊಸ ನೇಮಕಾತಿ ಇಲ್ಲ. ಆ ಪಾಠಗಳನ್ನು ಗಂಟೆ ಲೆಕ್ಕದ ಸಂಬಳಕ್ಕೆ ಅತಿಥಿ ಉಪನ್ಯಾಸಕರೊಬ್ಬರು ಹೇಳುತ್ತಾರೆ, ಪಿಎಚ್.ಡಿ. ವಿದ್ಯಾರ್ಥಿಗಳು ಮಾರ್ಗದರ್ಶಕರ ಸಹಿಗಾಗಿ ವಿಧಾನಸೌಧದ ಗೇಟಿನಲ್ಲಿ ಪಾಸ್ ಬರೆಸಿಕೊಂಡು ಕಾಯುತ್ತಾರೆ. ನನ್ನ ಗೆಳತಿಯೊಬ್ಬಳ ಪ್ರಬಂಧದ ಕೊನೆಯ ಅಧ್ಯಾಯ ಹೀಗೆ ಒಂದು ಸರ್ಕಾರಿ ಕಾರಿನ ಹಿಂದಿನ ಸೀಟಿನಲ್ಲಿ ತಿದ್ದುಪಡಿಯಾಯಿತು.

ಅಮೆರಿಕದ ವಿಶ್ವವಿದ್ಯಾಲಯಗಳು ಈ ವಿಷಯದಲ್ಲಿ ಕಟ್ಟುನಿಟ್ಟು. ಅರವಿಂದ ಪನಗಾರಿಯಾ 2015ರಲ್ಲಿ ನೀತಿ ಆಯೋಗದ ಉಪಾಧ್ಯಕ್ಷರಾಗಿ ಬಂದು 2017ರಲ್ಲಿ ಬಿಟ್ಟುಹೋಗುವಾಗ ಕೊಲಂಬಿಯಾ ವಿಶ್ವವಿದ್ಯಾಲಯ ರಜೆ ವಿಸ್ತರಿಸದಿರುವುದನ್ನೇ ಕಾರಣವಾಗಿ ಕೊಟ್ಟರು. ರಘುರಾಮ್ ರಾಜನ್ 2013ರಿಂದ ಮೂರು ವರ್ಷ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದು ಶಿಕಾಗೋಗೆ ಮರಳಿದರು. ಮರಳಿ ಹೋಗಲು ಮನೆ ಇದ್ದವರು ನಿರ್ಭಯವಾಗಿ ಮಾತನಾಡಬಲ್ಲರು, ಅದು ಲಾಭ. ಅವರು ಬೇಗ ಹೊರಟುಬಿಡುತ್ತಾರೆ ಎಂದು ಕಚೇರಿಯವರಿಗೂ ಗೊತ್ತಿರುತ್ತದೆ, ಅದು ನಷ್ಟ. ಕಡತವನ್ನು ನಿಧಾನಿಸಿದರೆ ಸಾಕು, ಸಲಹೆಗಾರರ ಅವಧಿಯೇ ಮುಗಿಯುತ್ತದೆ. ಶಾಖಾಧಿಕಾರಿಗಳು ಇದನ್ನು ಅಲ್ಲಗಳೆಯುತ್ತಾರೆಯೇ?

ನಿವೃತ್ತ ಶಾಖಾಧಿಕಾರಿ, ವಿಜಯನಗರ

ಅಲ್ಲಗಳೆಯುವುದಿಲ್ಲ ಮೇಡಂ.

ಕೆಂಗೇರಿಯ ಸಂಶೋಧಕ

ಹಾಗಾದರೆ ಹೊರಗಿನವರನ್ನು ನೇರವಾಗಿ ಕಾರ್ಯದರ್ಶಿ ಮಟ್ಟಕ್ಕೆ ತರುವುದೇ ಪರಿಹಾರವಲ್ಲವೇ? ಕೆ. ಹನುಮಂತಯ್ಯ ಅವರ ಅಧ್ಯಕ್ಷತೆಯ ಮೊದಲ ಆಡಳಿತ ಸುಧಾರಣಾ ಆಯೋಗವೇ ವಿಷಯತಜ್ಞರಿಗೆ ಹಿರಿಯ ಹುದ್ದೆಗಳಲ್ಲಿ ಅವಕಾಶ ಇರಬೇಕೆಂದಿತ್ತು. 2018ರಲ್ಲಿ ಕೇಂದ್ರ ಹತ್ತು ಜಂಟಿ ಕಾರ್ಯದರ್ಶಿ ಹುದ್ದೆಗಳಿಗೆ ಹೊರಗಿನಿಂದ ಅರ್ಜಿ ಕರೆಯಿತು.

ರಾಯಚೂರಿನವ, ಈಗ ಯಲಹಂಕ

2024ರ ಆಗಸ್ಟ್‌ನಲ್ಲಿ 45 ಹುದ್ದೆಗಳಿಗೆ ಜಾಹೀರಾತು ಕೊಟ್ಟು ಕೆಲವೇ ದಿನಗಳಲ್ಲಿ ಹಿಂಪಡೆದದ್ದನ್ನೂ ಹೇಳಿ. ಮೀಸಲಾತಿ ಇಲ್ಲ ಎಂಬುದು ಮುಖ್ಯ ಆಕ್ಷೇಪವಾಗಿತ್ತು, ಆ ಆಕ್ಷೇಪ ನ್ಯಾಯವಾದದ್ದು. ‘ತಜ್ಞರು’ ಎಂದು ಕರೆಯುವಾಗ ಯಾವ ಊರಿನ, ಯಾವ ವಿಶ್ವವಿದ್ಯಾಲಯದ ತಜ್ಞರು ಕಣ್ಣಿಗೆ ಬೀಳುತ್ತಾರೆ ಎಂಬುದು ನಮಗೆ ಗೊತ್ತೇ ಇದೆ. ಧಾರವಾಡದಿಂದ ನಂಜುಂಡಪ್ಪನವರನ್ನು ಕರೆತಂದಂತೆ ಇಂದು ಬಳ್ಳಾರಿಯ ಅಥವಾ ಕಲಬುರಗಿಯ ವಿಶ್ವವಿದ್ಯಾಲಯದಿಂದ ಯಾರನ್ನಾದರೂ ಕರೆತಂದು ಯೋಜನಾ ಇಲಾಖೆಯಲ್ಲಿ ಕೂರಿಸಿದ್ದಾರೆಯೇ? ಈಗ ಮತ್ತೆ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಸಮಿತಿ ರಚಿಸಿ, ಐಸೆಕ್‌ನ ನಿರ್ದೇಶಕರಾಗಿದ್ದ, 14ನೇ ಹಣಕಾಸು ಆಯೋಗದ ಸದಸ್ಯರಾಗಿದ್ದ ಎಂ. ಗೋವಿಂದ ರಾವ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದಾರೆ. ಅವರ ಅರ್ಹತೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಶಿಫಾರಸುಗಳಿಗೆ ಕಾವಲಿರುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಕೆಂಗೇರಿಯ ಸಂಶೋಧಕ

ಮೇಡಂ, ನಾಳೆ ನಿಮ್ಮನ್ನೇ ಕರೆದರೆ ಹೋಗುತ್ತೀರಾ?

ಮಲ್ಲೇಶ್ವರದ ಅಧ್ಯಾಪಕಿ

ಸಲಹೆಗಾರಳಾಗಿ ಎಂದರೆ ಇಲ್ಲ. ಸಮಿತಿಯ ಸದಸ್ಯೆಯಾಗಿ ಎಂದರೆ, ವರದಿ ಕೊಟ್ಟ ಮೇಲೂ ಎರಡು ವರ್ಷ ಆ ಸಮಿತಿ ಉಳಿದು ಆರ್ಥಿಕ ಇಲಾಖೆಯಿಂದ ವಿವರಣೆ ಕೇಳುವ ಅಧಿಕಾರ ಆದೇಶದಲ್ಲಿ ಬರೆದಿದ್ದರೆ ಹೋಗುತ್ತೇನೆ. ಯೋಜನಾ ಇಲಾಖೆಯ ಕಾರ್ಯದರ್ಶಿ ಹುದ್ದೆ ಎಂದರೆ ಐದು ವರ್ಷಕ್ಕೆ ಕಡಿಮೆಯಾದರೆ ಬೇಡ, ಮತ್ತು ನನ್ನ ಕಾಲೇಜಿನ ಹುದ್ದೆಗೆ ಲೀನ್ ಇಟ್ಟುಕೊಳ್ಳದೆ ಅಲ್ಲಿಗೆ ಕಾಯಂ ಅಧ್ಯಾಪಕರನ್ನು ನೇಮಿಸುವುದಾದರೆ ಮಾತ್ರ. ಶಾಖೆಯಲ್ಲಿ ವಿಜಯನಗರದ ಈ ನಿವೃತ್ತರಂಥವರು ಒಬ್ಬರಿರಬೇಕು ಎಂಬುದನ್ನೂ ಷರತ್ತಿಗೆ ಸೇರಿಸುತ್ತೇನೆ.

ನಿವೃತ್ತ ಶಾಖಾಧಿಕಾರಿ, ವಿಜಯನಗರ

ಷರತ್ತುಗಳನ್ನು ಕಂಡಿಕೆವಾರು ಬರೆದು ಕಳುಹಿಸಿ ಮೇಡಂ, ಲೆಕ್ಕಶೀರ್ಷಿಕೆ ನಾನು ಹುಡುಕಿಕೊಡುತ್ತೇನೆ.